ಬೆಟ್ಟಯ್ಯನ ಹಿತ್ತಲಿಗೆ ಮೂರು ಕಂಬಿ

ಗೋಡೆ ಹೊಟ್ಟೆ ಬಿಟ್ಟರೆ ಬೇರೆಯವರು ಗಾರೆ ಕೆಲಸದವನನ್ನು ಕರೆಯುತ್ತಾರೆ. ಗುರುಪಾದಸ್ವಾಮಿಯವರು ಮೊದಲು ಟೀ ಅಂಗಡಿಗೆ ಹೋದರು.

ಅದು ಅವರ ಜಾಯಮಾನ, ಬಯ್ದು ಪ್ರಯೋಜನವಿಲ್ಲ. ಚಾಮರಾಜನಗರದ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದ ಅವರು ಒಳ್ಳೆಯ ಮನುಷ್ಯ, ಕೈಗುಣವೂ ಇತ್ತು. ನಡೆದು ಬರುವ ಹಸುವನ್ನು ದೂರದಿಂದ ನೋಡಿಯೇ ಗಬ್ಬ ನಿಂತಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ಆದರೆ ಒಂದು ವಿಷಯ ತಿಳಿದ ಮೇಲೆ ಅದನ್ನು ಇನ್ನೊಬ್ಬರಿಗೆ ಹೇಳದೆ ಇರುವುದು ಮಾತ್ರ ಅವರಿಂದ ಆಗದ ಕೆಲಸ. ಬಾಯಲ್ಲಿ ಬಿಸಿ ಇಡ್ಲಿ ಇಟ್ಟುಕೊಂಡವರ ಹಾಗೆ ಒದ್ದಾಡಿಬಿಡುತ್ತಿದ್ದರು. ಯಾರ ಎಮ್ಮೆಯ ಹಾಲಿಗೆ ಎಷ್ಟು ನೀರು, ಯಾರ ಎತ್ತಿಗೆ ಜಂತುಹುಳ, ಯಾವ ಸಾಹೇಬರ ನಾಯಿ ಯಾವ ಸಾಹೇಬರನ್ನು ಕಚ್ಚಿತು, ಇವೆಲ್ಲ ನಮ್ಮ ಬೀದಿಗೆ ಪೇಪರಿಗಿಂತ ಮೊದಲೇ ಬರುತ್ತಿದ್ದವು.

ಹೀಗಾಗಿ ಅವರ ಅಡಿಗೆಮನೆಯ ಮೂಡಲ ಗೋಡೆ ಬಿರುಕು ಬಿಟ್ಟದ್ದೂ ಅದೇ ದಿನ ಊರಿಗೆಲ್ಲ ಗೊತ್ತಾಯಿತು. ನಮ್ಮ ಬೀದಿ ಕೆರೆಯ ಕಡೆಗೆ ಇಳಿಜಾರು. ಗುರುಪಾದಸ್ವಾಮಿಯವರ ಮನೆ ತಗ್ಗಿನಲ್ಲಿ, ಅದಕ್ಕೆ ಅಂಟಿಕೊಂಡು ಮೇಲುಗಡೆ ಬೆಟ್ಟಯ್ಯನ ಹಿತ್ತಲು. ಅಂದರೆ ಒಬ್ಬರ ಅಡಿಗೆಮನೆಯ ತಳಪಾಯದ ಗೋಡೆಯೇ ಇನ್ನೊಬ್ಬರ ಹಿತ್ತಲ ಮಣ್ಣನ್ನು ಎದೆಮಟ್ಟಕ್ಕೆ ತಡೆದು ನಿಂತಿತ್ತು. ಹಿಂಗಾರಿನಲ್ಲಿ ಆ ಮಣ್ಣು ನೀರು ಕುಡಿದು ಉಬ್ಬಿ ಗೋಡೆಯನ್ನು ಒಳಕ್ಕೆ ತಳ್ಳಿತ್ತು. ಹೆಂಡತಿ ಗಂಗಾಂಬಿಕೆ ಒಲೆ ಮುಂದೆ ನಿಂತರೆ ಬೆನ್ನಿಗೆ ಗೋಡೆಯ ಹೊಟ್ಟೆ ತಾಗುತ್ತಿತ್ತು.

ಗಾರೆ ಚಿಕ್ಕಮಲ್ಲಪ್ಪ ಬಂದು ನೋಡಿ, "ಒಳಗಡೆಯಿಂದ ಒಂದು ಒತ್ತುಗೋಡೆ ಕಟ್ಬುಡನ ಬುಡಿ ಸ್ವಾಮಿ," ಎಂದ. ಒತ್ತುಗೋಡೆ ಕಟ್ಟಿದರೆ ಅಡಿಗೆಮನೆಯಲ್ಲಿ ಗಂಗಾಂಬಿಕೆ ನಿಲ್ಲಬಹುದಿತ್ತು, ತಿರುಗಲು ಆಗುತ್ತಿರಲಿಲ್ಲ. ಅಲ್ಲದೆ ಅದು ನಮ್ಮೂರು ಜಿಲ್ಲಾಕೇಂದ್ರವಾಗಿ ಇನ್ನೂ ವರ್ಷ ತುಂಬದ ಕಾಲ. ಬೋರ್ಡುಗಳ ಮೇಲೆ 'ಮೈಸೂರು ಜಿಲ್ಲೆ' ಎಂಬುದಕ್ಕೆ ಬಣ್ಣ ಬಳಿಯುತ್ತಿದ್ದರು. ಕಡಲೆಕಾಯಿ ಮಾರುವವನೂ ತಾನು ಜಿಲ್ಲಾ ಮಟ್ಟದವನು ಎಂಬ ಗತ್ತಿನಲ್ಲಿ ಪೊಟ್ಟಣ ಕಟ್ಟುತ್ತಿದ್ದ. ಇಂಥ ಹೊತ್ತಿನಲ್ಲಿ ಗುರುಪಾದಸ್ವಾಮಿಯವರಿಗೆ ಹಳ್ಳಿಗಾಡಿನ ಒತ್ತುಗೋಡೆ ಹಿಡಿಸೀತೇ?

ಗುಂಡ್ಲುಪೇಟೆಯಿಂದ ಬಾಮೈದ ಮಲ್ಲಿಕಾರ್ಜುನಸ್ವಾಮಿಯನ್ನು ಕರೆಸಿದರು. ಆತ ಡಿಪ್ಲೊಮಾ ಓದಿ, ಊಟಿ ರಸ್ತೆಯಲ್ಲಿ ಗುಡ್ಡದ ಮಣ್ಣು ಜಾರದಂತೆ ಗೋಡೆ ಕಟ್ಟಿಸುವ ಕಂಟ್ರಾಕ್ಟರ ಹತ್ತಿರ ಕೆಲಸಕ್ಕಿದ್ದ. ಗೋಡೆಯನ್ನು ಕೊಡೆಯ ತುದಿಯಿಂದ ಕುಟ್ಟಿ ಕುಟ್ಟಿ ಕಿವಿಗೊಟ್ಟು ಕೇಳಿ, "ಭಾವ, ಇದಕ್ಕೆ ಆಂಕರ್ ಹಾಕಬೇಕು," ಎಂದ.

"ಅಂದರೆ?"

"ಒಳಗಡೆ ಗೋಡೆಗೆ ಒಂದು ಕಬ್ಬಿಣದ ತಟ್ಟೆ. ಅದರಿಂದ ಗೋಡೆ ತೂರಿಕೊಂಡು ಒಂದು ಕಂಬಿ ಆಚೆ ಮಣ್ಣಿನೊಳಗೆ ಉದ್ದಕ್ಕೆ ಹೋಗುತ್ತೆ. ಅಲ್ಲಿ ದೂರದಲ್ಲಿ ಗುಂಡಿ ತೋಡಿ ಇನ್ನೊಂದು ತಟ್ಟೆ ಹೂಳೋದು. ಈ ಕಡೆ ನಟ್ಟು ಬಿಗಿ ಮಾಡುತ್ತಾ ಬಂದರೆ ಗೋಡೆ ತಾನಾಗಿ ನೆಟ್ಟಗಾಗುತ್ತೆ. ಇಂಥವು ಮೂರು ಬೇಕು."

ಸಂಜೆಯೊಳಗೆ ಟೀ ಅಂಗಡಿಯ ಗಿರಾಕಿಗಳೆಲ್ಲ ಆಂಕರ್ ವಿದ್ಯೆಯಲ್ಲಿ ಡಿಪ್ಲೊಮಾ ಮುಗಿಸಿದ್ದರು. "ಇಡೀ ಜಿಲ್ಲೇಲಿ ನಮ್ಮದೇ ಮೊದಲನೆಯ ಆಂಕರ್ ಮನೆ," ಎಂದು ಗುರುಪಾದಸ್ವಾಮಿಯವರು ಘೋಷಿಸಿದರು. ಜಿಲ್ಲೆಗೇ ಆಗ ವಯಸ್ಸು ತಿಂಗಳ ಲೆಕ್ಕದಲ್ಲಿದ್ದುದರಿಂದ ಯಾರೂ ಅದನ್ನು ಅಲ್ಲಗಳೆಯಲಿಲ್ಲ.

ಇನ್ನು ಬೇಕಾಗಿದ್ದದ್ದು ಬೆಟ್ಟಯ್ಯನ ಒಪ್ಪಿಗೆ. ಅದಕ್ಕೆ ಒಪ್ಪಿಗೆ ಎನ್ನುವುದೇ ದೊಡ್ಡ ಮಾತು. ಬೆಟ್ಟಯ್ಯ ಕರಿಕಲ್ಲು ಕ್ವಾರಿಯ ಲಾರಿ ಓಡಿಸಿ ನಿವೃತ್ತನಾದವನು, ಮಾತು ಕಡಿಮೆ. ಇಬ್ಬರೂ ಒಂದೇ ವರ್ಷ ಸೈಟು ಕೊಂಡು, ಒಂದೇ ಬಾವಿಯ ನೀರಲ್ಲಿ ಮನೆ ಕಟ್ಟಿಕೊಂಡವರು. ಗುರುಪಾದಸ್ವಾಮಿಯವರ ಮಗಳು ಮೀನಾಳ ಮದುವೆಯಲ್ಲಿ ಬೆಟ್ಟಯ್ಯ ಮೂರು ದಿನ ಚಪ್ಪರದ ಕೆಳಗೇ ಮಲಗಿದ್ದ. ಹಿತ್ತಲ ಮೆಟ್ಟಿಲು ಇಳಿದು ನೇರ ಅಡಿಗೆಮನೆಗೇ ಬಂದು ಮುದ್ದೆ ಉಣ್ಣುವಷ್ಟು ಸಲಿಗೆ.

"ನಿನ್ ಹಿತ್ಲಲ್ಲಿ ಮೂರು ಗುಂಡಿ ತೋಡ್ಬೇಕಲ್ಲ ಕಣ್ಲಾ ಬೆಟ್ಟ."

"ತೋಡ್ಕೊ. ನನ್ನೇನ್ಲಾ ಕೇಳದು? ನುಗ್ಗೆಮರ ಒಂದ ಬುಟ್ಬುಡು," ಎಂದ ಬೆಟ್ಟಯ್ಯ, ಅಷ್ಟೆ.

ಮಲ್ಲಿಕಾರ್ಜುನಸ್ವಾಮಿ ದಾರ ಹಿಡಿದು ಅಳೆದು ಗೋಡೆಯ ಮೇಲೆ ಮೂರು ಗುರುತು ಹಾಕಿದ. ಬೆಟ್ಟಯ್ಯನ ಹಿತ್ತಲಲ್ಲಿ ಸುಣ್ಣದಿಂದ ಮೂರು ದುಂಡು ಬರೆದ. ಕಮ್ಮಾರಸಾಲೆಯಿಂದ ಕಂಬಿಗಳು ಎತ್ತಿನಗಾಡಿಯಲ್ಲಿ ಬಂದವು. ಗಾಡಿ ನೇರ ದಾರಿಯಲ್ಲಿ ಬರದೆ ದೊಡ್ಡಂಗಡಿ ಬೀದಿ ಸುತ್ತಿಕೊಂಡು ಬಂದದ್ದು ಯಾಕೆ ಎಂದು ನಾವು ಕೇಳಲಿಲ್ಲ. ಯುಗಾದಿ ಕಳೆದ ಸೋಮವಾರ ಕೆಲಸ ಶುರು ಎಂದು ನಿಶ್ಚಯವಾಯಿತು.

ಸೋಮವಾರ ಬೆಳಿಗ್ಗೆ ಚಿಕ್ಕಮಲ್ಲಪ್ಪ ಹಾರೆ ಗುದ್ದಲಿ ಹೊತ್ತ ಆಳುಗಳೊಂದಿಗೆ ಬಂದ. ಗುರುಪಾದಸ್ವಾಮಿಯವರು ತೆಂಗಿನಕಾಯಿ, ಊದುಕಡ್ಡಿ ಹಿಡಿದು ಹಿತ್ತಲು ಹತ್ತಿದರು. ನುಗ್ಗೆಮರದ ಕೆಳಗೆ, ಸುಣ್ಣದ ದುಂಡಿನ ಮೇಲೆಯೇ ಬೆಟ್ಟಯ್ಯ ನಿಂತಿದ್ದ.

"ಈಗ ಬ್ಯಾಡ ಕಣ್ಲಾ."

"ಯಾಕ್ಲಾ?"

"ಬ್ಯಾಡ ಅಂದ್ರೆ ಬ್ಯಾಡ. ದೀಪಾವಳಿ ಕಳೀಲಿ."

"ದೀಪಾವಳಿ ಹೊತ್ತಿಗೆ ಗೋಡೆ ನನ್ ಹೆಂಡ್ತಿ ಮ್ಯಾಲೆ ಬಿದ್ದಿರ್ತದೆ! ಒಪ್ಕೊಂಡಿದ್ದೆ ತಾನೆ?"

"ಒಪ್ಕೊಂಡಿದ್ದೆ. ಈಗ ಬ್ಯಾಡ ಅಂತಾವ್ನಿ."

ಅಷ್ಟು ಹೇಳಿ ಬೆಟ್ಟಯ್ಯ ಒಳಗೆ ಹೋದ. ಚಿಕ್ಕಮಲ್ಲಪ್ಪ ಕೂಲಿಯಾಳುಗಳ ಮುಖ ನೋಡಿದ, ಆಳುಗಳು ತೆಂಗಿನಕಾಯಿ ನೋಡಿದರು. ಕೊನೆಗೆ ಕಾಯಿಯನ್ನು ಚಟ್ನಿಗೆ ಬಳಸಲಾಯಿತು.

ಕಾರಣವನ್ನು ಓದುಗರಿಗೆ ಈಗಲೇ ಹೇಳಿಬಿಡುತ್ತೇನೆ. ದಯವಿಟ್ಟು ಗುರುಪಾದಸ್ವಾಮಿಯವರಿಗೆ ಹೇಳಬೇಡಿ, ಏಕೆಂದರೆ ಇಡೀ ಕತೆ ನಡೆದದ್ದೇ ಅವರಿಗೆ ಹೇಳದೆ ಇದ್ದದ್ದರಿಂದ. ಬೆಟ್ಟಯ್ಯನ ಸೊಸೆ ಶಿವರಂಜಿನಿ ಬಸುರಿಯಾಗಿದ್ದಳು. ಹಿಂದೆ ಎರಡು ಸಲ ನಿಂತದ್ದು ನಿಲ್ಲದೆ ಹೋಗಿತ್ತು. ಎರಡು ಸಲವೂ ಸುದ್ದಿ ಬೀದಿಗೆ ಬಿದ್ದ ಮೇಲೆಯೇ ಹಾಗಾಯಿತು ಎಂದು ಬೆಟ್ಟಯ್ಯನ ಹೆಂಡತಿ ಸೋಮಮ್ಮನ ನಂಬಿಕೆ. ಬಸುರಿ ಇರುವ ಮನೆಯಲ್ಲಿ ನೆಲ ಅಗೆಯಬಾರದು, ಗೋಡೆ ಒಡೆಯಬಾರದು, ಮೊಳೆ ಹೊಡೆಯಬಾರದು. ಇದು ನಮ್ಮಲ್ಲಿ ಮಗುವಿಗೂ ಗೊತ್ತು. ಐದು ತಿಂಗಳು ತುಂಬುವವರೆಗೆ ಹೊರಗೆ ಬಾಯಿ ಬಿಡಬಾರದು, ಇದೂ ಗೊತ್ತು. ಹೀಗಾಗಿ ಬೇಡ ಎನ್ನಲೇಬೇಕಿತ್ತು, ಯಾಕೆ ಎನ್ನುವ ಹಾಗಿರಲಿಲ್ಲ.

ಸೋಮಮ್ಮ ಗಂಗಾಂಬಿಕೆಯ ಹತ್ತಿರ ಮಾತ್ರ ಹೇಳಿಕೊಂಡಿದ್ದಳು, ಅದೂ ಮಾದಪ್ಪನ ಮೇಲೆ ಆಣೆ ಹಾಕಿಸಿಕೊಂಡು. "ನಿಮ್ಮೆಜಮಾನ್ರ ಕಿವಿಗೆ ಮಾತ್ರ ಬೀಳ್ಕೂಡದು ಕಣಕ್ಕ. ಅವ್ರಿಗೆ ಯೋಳದೂ ಒಂದೆ, ಸಂತೆಮರಳ್ಳಿ ಸಂತೇಲಿ ತಮಟೆ ಹೊಡ್ಸದೂ ಒಂದೆ."

ಗಂಡನ ಪರವಾಗಿ ಏನಾದರೂ ಹೇಳಬೇಕೆಂದು ಗಂಗಾಂಬಿಕೆ ಯೋಚಿಸಿದಳು. ಹೇಳುವಂಥದ್ದೇನೂ ಸಿಗಲಿಲ್ಲ.

ಆಣೆ ಮುರಿಯದೆ ಗಂಡನಿಗೆ ತಿಳಿಸಲು ಆಕೆ ಪಟ್ಟ ಪಾಡು ದೇವರಿಗೇ ಪ್ರೀತಿ. ಅವತ್ತು ಊಟಕ್ಕೆ ಬಡಿಸುತ್ತಾ, "ಪಾಪ, ಶಿವರಂಜಿನಿಗೆ ಒಗ್ಗರಣೆ ವಾಸನೆ ಬಂದರೆ ಆಗೋದೇ ಇಲ್ಲವಂತೆ," ಎಂದಳು.

"ಹೊಗೆ ಹೋಗೋದಕ್ಕೆ ಕಿಟಕಿ ಇಡಿಸಲಿ. ಕಿಟಕಿ ಇಡಿಸೋದಕ್ಕೂ ಅವನು ದೀಪಾವಳಿ ಕಳೀಲಿ ಅಂತಾನೆ."

"ನಮ್ಮ ಮೀನಾ ಹೊಟ್ಟೇಲಿದ್ದಾಗ ಅತ್ತೆಮ್ಮ ಈ ಮನೇಲಿ ಒಂದು ಮೊಳೆ ಹೊಡೆಯೋಕೆ ಬಿಡಲಿಲ್ಲ. ನೆನಪಿದೆಯೇನ್ರೀ?" ಎಂದು ಆಕೆ ಗಂಡನ ಮುಖವನ್ನೇ ನೋಡಿದಳು.

"ನೆನಪಿಲ್ಲದೆ ಏನು! ಅಪ್ಪನ ಫೋಟೋ ವರ್ಷ ಪೂರ್ತಿ ನೆಲದ ಮೇಲೇ ಇತ್ತು. ಹಳೇ ಕಾಲದವರು, ಏನು ಹೇಳೋದು," ಎಂದು ನಕ್ಕು, ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಗಂಗಾಂಬಿಕೆ ಸೌಟನ್ನು ಪಾತ್ರೆಗೆ ಬಿಸಾಡಿ ಒಳಗೆ ಹೋದಳು. ಗೋಡೆಯ ಚಿಂತೆ ಪಾಪ ಅವಳನ್ನೂ ಹಿಂಡುತ್ತಿದೆ ಎಂದು ಇವರು ಮರುಗಿದರು.

ಕಾರಣ ಸಿಗದಿದ್ದರೆ ಊರು ಸುಮ್ಮನಿರುತ್ತದೆಯೇ? ಗುಂಡ್ಲುಪೇಟೆಗೆ ಬಾಮೈದನನ್ನು ನೋಡಲು ಹೊರಟ ಗುರುಪಾದಸ್ವಾಮಿಯವರು ಬಸ್ಸು ಚಾಮರಾಜನಗರ ದಾಟುವ ಮೊದಲೇ ಪಕ್ಕದವನಿಗೆ ಕತೆ ಹೇಳಿ ಮುಗಿಸಿದ್ದರು. ತೆರಕಣಾಂಬಿ ಬರುವ ಹೊತ್ತಿಗೆ ಇಡೀ ಬಸ್ಸೇ ನ್ಯಾಯಕ್ಕೆ ಕೂತಿತ್ತು.

"ನಿಮ್ ಜಾಗ ಒತ್ತರಿಸ್ಕೊಂಡವ್ನೆ ಸ್ವಾಮಿ. ಅಗುದ್ರೆ ಹಳೇ ಕಲ್ಲು ಸಿಕ್ಬುಡ್ತದೆ ಅಂತ ಭಯ," ಎಂದ ಅರಿಸಿನದ ಮೂಟೆಯ ಮೇಲೆ ಕೂತಿದ್ದ ಒಬ್ಬ.

"ಒಟ್ಟೆಕಿಚ್ಚು ಕಣಣ್ಣ. ನಿಮ್ಮನೆ ಮ್ಯಾಲೆ ಮಹಡಿ ಎದ್ದುಬುಟ್ಟದು ಅಂತ," ಎಂದಳು ಕೋಳಿ ಹಿಡಿದಿದ್ದ ಹೆಂಗಸು. ಕೋಳಿಯೂ ಏನೋ ಹೇಳಿತು.

ಕಂಡಕ್ಟರು ಟಿಕೆಟ್ಟು ಹರಿಯುತ್ತಾ, "ಆ ಮನೇಲಿ ಬಸ್ರಿ ಹೆಂಗಸ್ರು ಯಾರಾದ್ರೂ ಅವ್ರಾ ಕೇಳ್ದ್ರಾ?" ಎಂದ.

ಆಹಾ, ಕಂಡಕ್ಟರೇ! ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕಿತ್ತು. ಆದರೆ ಅಷ್ಟರಲ್ಲಿ ಗುರುಪಾದಸ್ವಾಮಿಯವರು ಒತ್ತುವರಿಯ ಮಾತಿಗೆ ಕಿವಿ ಕೊಟ್ಟಾಗಿತ್ತು. "ಇದ್ದಿದ್ದರೆ ನನಗೆ ಮೊದಲು ಹೇಳುತ್ತಿದ್ದ. ನಾವಿಬ್ಬರೂ ಹಾಗಿದ್ದೀವಿ," ಎಂದು ಎದೆ ತಟ್ಟಿಕೊಂಡರು.

ಮಲ್ಲಿಕಾರ್ಜುನಸ್ವಾಮಿ ಗುಂಡ್ಲುಪೇಟೆ ಬಸ್ ನಿಲ್ದಾಣದೆದುರಿನ ಕಾಕನ ಅಂಗಡಿಯಲ್ಲಿ ಟೀ ಕುಡಿಸಿ, "ಭಾವ, ನನಗೆ ಗೋಡೆ ಗೊತ್ತು, ಮನುಷ್ಯರು ಗೊತ್ತಿಲ್ಲ," ಎಂದ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಆದರೂ ಒಂದು ಸಲ ಸರ್ವೆ ಮಾಡಿಸಿ. ಜಾಗ ನಿಮ್ಮದೇ ಅಂತ ಬಂದರೆ ಯಾರ ಅಪ್ಪಣೆಯೂ ಬೇಡ," ಎಂದುಬಿಟ್ಟ.

ಕಾಕ ಗ್ಲಾಸು ತೊಳೆಯುತ್ತಿದ್ದವನು ತಲೆಯೆತ್ತಿ, "ಸಾರೇ, ಮಣ್ಣು ಅಳೆಯಕ್ಕೆ ಹೋದವರು ಯಾರೂ ನಗ್ತಾ ಬಂದಿದ್ದು ನಾನು ಕಂಡಿಲ್ಲ," ಎಂದ. ವಯನಾಡಿನವನಿಗೆ ನಮ್ಮ ಜಿಲ್ಲೆಯ ವಿಷಯ ಏನು ಗೊತ್ತು ಎಂದು ಗುರುಪಾದಸ್ವಾಮಿಯವರು ಅವನ ಮಾತನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ.

ಹೊಸ ಜಿಲ್ಲೆಯಲ್ಲಿ ಸರ್ವೆಯರಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಆದರೂ ಅವರ ಮನೆಯ ಎಮ್ಮೆಗೆ ಹೊಟ್ಟೆಯುಬ್ಬರ ಬಂದಾಗ ಗುರುಪಾದಸ್ವಾಮಿಯವರು ಓಡಿಹೋಗಿ ಉಳಿಸಿದ್ದ ಋಣವಿತ್ತು. ಒಂದು ಗುರುವಾರ ಚೈನು ಹೊತ್ತ ಜವಾನನೊಂದಿಗೆ ಅವರು ಬಂದೇ ಬಂದರು. ನಮ್ಮ ಬೀದಿಯವರು ಅವತ್ತು ಯಾರೂ ಕೆಲಸಕ್ಕೆ ಹೋಗಲಿಲ್ಲ ಎಂದರೆ ಸ್ವಲ್ಪ ಹೆಚ್ಚಾಯಿತು, ಹೋದವರು ಹೊಟ್ಟೆನೋವೆಂದು ಬೇಗ ಬಂದರು. ತಾರಸಿ, ಜಗುಲಿ, ಪಾಗಾರ, ಎಲ್ಲೆಲ್ಲೂ ಜನ.

ಬೆಟ್ಟಯ್ಯ ತಡೆಯಲಿಲ್ಲ. "ಅಳ್ಕೊಳ್ಳಿ ಸಾರ್. ಅಳತೆಗೇನು," ಎಂದು ಕುರ್ಚಿಯನ್ನೂ ತಂದಿಟ್ಟ. ಸರ್ವೆಯರು ನಕ್ಷೆ ಬಿಚ್ಚಿ, ಚೈನು ಎಳೆಸಿ, ಬಿಸಿಲಿಗೆ ಬಯ್ದು, ಕೊನೆಗೆ ನುಗ್ಗೆಮರದ ಬುಡಕ್ಕೆ ಬೆರಳು ತೋರಿದರು.

"ಇಲ್ಲಿ ಹಳೇ ಗಡಿಕಲ್ಲು ಹೂತಿರಬೇಕು. ಸ್ವಲ್ಪ ಅಗೆಯಪ್ಪ."

ಜವಾನ ಹಾರೆ ಎತ್ತಿದ. ಎಲ್ಲಿದ್ದಳೋ ಸೋಮಮ್ಮ, ಓಡಿ ಬಂದು ಅದೇ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಒಂದ್ ಹಿಡಿ ಮಣ್ಣೂ ಎತ್ಕೂಡದು. ಎತ್ತೋದಾದ್ರೆ ನನ್ ಮ್ಯಾಲೆ ಹಾರೆ ಹಾಕ್ಲಿ."

"ಏನಮ್ಮ ಇದು, ಸರ್ಕಾರಿ ಕೆಲಸಕ್ಕೆ ಅಡ್ಡಿ!" ಎಂದರು ಸರ್ವೆಯರು.

"ಸರ್ಕಾರ ದೀಪಾವಳಿ ಕಳುದ್ಮೇಲೆ ಬರ್ಲಿ. ಹೋಳಿಗೆ ಮಾಡಿಕ್ತೀನಿ."

ತಾರಸಿಗಳ ಮೇಲೆ ನಗು ಎದ್ದಿತು. ಆ ನಗುವೇ ಕೆಲಸ ಕೆಡಿಸಿತು. ಇಡೀ ಊರಿಗೆ ಆಂಕರ್ ಹಂಚಿದ್ದ ಗುರುಪಾದಸ್ವಾಮಿಯವರು ತಮ್ಮನ್ನೇ ನೋಡಿ ನಕ್ಕರೆಂದು ತಿಳಿದರು. ಮೈಯೆಲ್ಲ ಉರಿಯಿತು. "ಬೆಟ್ಟ! ಹೆಂಗಸ್ರನ್ನ ಮುಂದೆ ಬುಟ್ಟು ಕಲ್ಲು ಬಚ್ಚಿಟ್ಕೊತೀಯೇನ್ಲಾ? ಕಳ್ಳ ಅಲ್ದಿದ್ರೆ ಅಗ್ಸು! ಇಷ್ಟ್ ವರ್ಷ ನನ್ ಮನೇಲಿ ಉಂಡು ನನ್ ಗೋಡೆ ಬೀಳೋದ ಕಾಯ್ತಾ ಇದ್ಯಲ್ಲೋ! ನಿನ್ ಮನೆ ಬೆಳೆಯಲ್ಲ ಕಣ್ಲಾ! ಬರೆದಿಟ್ಕೊ, ನಿನ್ ಮನೆ ಬೆಳೆಯಲ್ಲ!"

ನಮ್ಮ ಕಡೆ ಈ ಮಾತನ್ನು ಕೊಳೆತ ಬಾಳೆಹಣ್ಣು ಕೊಟ್ಟವನಿಗೂ ಅನ್ನುತ್ತಾರೆ. ಅಂದು ಮರೆತೂ ಬಿಡುತ್ತಾರೆ. ಆದರೆ ಆಗ ಹಿತ್ತಲ ಬಾಗಿಲಲ್ಲಿ ಶಿವರಂಜಿನಿ ರಾಗಿಯ ಮೊರ ಹಿಡಿದು ನಿಂತಿದ್ದಳು. ಮೊರವನ್ನು ಮೆಲ್ಲಗೆ ಹೊಸಲಿನ ಮೇಲಿಟ್ಟು, ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು. ಸೋಮಮ್ಮ ಎದ್ದು ಮಣ್ಣು ಕೊಡವಿಕೊಂಡು ಸೊಸೆಯ ಹಿಂದೆಯೇ ಹೋದಳು. ನಾಲ್ಕು ಮಕ್ಕಳ ತಂದೆಯಾಗಿದ್ದ ಸರ್ವೆಯರಿಗೆ ಏನನ್ನಿಸಿತೋ, ಚೈನು ಸುತ್ತಿಸಿ, "ಇವತ್ತು ಬೇಡ ಸ್ವಾಮಿ," ಎಂದಷ್ಟೇ ಹೇಳಿ ಸೈಕಲ್ಲು ಹತ್ತಿದರು.

ಮನೆಯಲ್ಲಿ ಗಂಗಾಂಬಿಕೆ ಕಾಯುತ್ತಿದ್ದಳು. "ಮಾದಪ್ಪ ನನ್ನ ನಾಲಿಗೆ ಕಿತ್ತರೂ ಕೀಳಲಿ," ಎಂದು ಎಲ್ಲವನ್ನೂ ಹೇಳಿದಳು. ಗುರುಪಾದಸ್ವಾಮಿಯವರು ಕೇಳುತ್ತಾ ಕೇಳುತ್ತಾ ರಾಗಿ ಮೂಟೆಯ ಮೇಲೆ ಕುಸಿದರು.

"ಅಯ್ಯೋ ನನ್ನ ಬಾಯಿಗೆ ಮಣ್ಣು ಹಾಕ! ನನಗ್ಯಾಕೆ ಹೇಳಲಿಲ್ಲ ನೀನು?"

"ನೀವೇ ಹೇಳಿ, ಯಾಕೆ ಹೇಳಲಿಲ್ಲ?"

ಅವರು ಅತ್ತರು. ಹೇಳಲು ಸಂಕೋಚವಾದರೂ ನಡೆದದ್ದು ಅದೇ, ಐವತ್ತು ದಾಟಿದ ಮನುಷ್ಯ ರಾಗಿ ಮೂಟೆಯ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟರು. ಆಮೇಲೆ ಮುಖ ತೊಳೆದು ಹಿತ್ತಲ ಮೆಟ್ಟಿಲು ಹತ್ತಿದರು. ಗೊತ್ತಾಗಿದೆ ಎಂದು ಹೇಳುವಂತಿಲ್ಲ, ಹೇಳಿದರೆ ಗಂಗಾಂಬಿಕೆ ಆಣೆ ಮುರಿದದ್ದು ಬಯಲಾಗುತ್ತದೆ.

"ಬಾಯ್ ತಪ್ಪಿ ಬಂದ್ಬುಡ್ತು ಕಣ್ಲಾ ಬೆಟ್ಟ."

ಬೆಟ್ಟಯ್ಯ ಎಳನೀರಿನ ಚಿಪ್ಪು ಒಣಗಿಸುತ್ತಿದ್ದ. "ಬುಡು," ಎಂದ. ತಲೆ ಎತ್ತಲಿಲ್ಲ.

ಮುಂದಿನ ತಿಂಗಳುಗಳಲ್ಲಿ ನಮ್ಮ ಬೀದಿ ಒಂದು ವಿಚಿತ್ರ ಕಂಡಿತು. ಅಗೆಯಬೇಕು ಅಗೆಯಬೇಕು ಎಂದು ಜಿಲ್ಲೆಯನ್ನೇ ಎಬ್ಬಿಸಿದ್ದ ಗುರುಪಾದಸ್ವಾಮಿಯವರು, ಯಾರೂ ಎಲ್ಲೂ ಅಗೆಯಬಾರದು ಎಂದು ಹೊರಟರು. ಸರ್ವೆ ಕಚೇರಿಗೆ ಹೋಗಿ ಅರ್ಜಿ ವಾಪಸು ತೆಗೆದುಕೊಂಡರು. ಪುರಸಭೆಯವರು ನಲ್ಲಿ ಪೈಪಿಗೆ ಬೆಟ್ಟಯ್ಯನ ಮನೆ ಮುಂದೆ ಗುಂಡಿ ತೋಡಲು ಬಂದರೆ, ಇವರು ಅಡ್ಡ ನಿಂತು, "ನಮ್ಮ ಬೀದಿಗೆ ನೀರೇ ಬೇಡ," ಎಂದರು. ಬೀದಿಯವರು ಕೊಡ ಹಿಡಿದು ಹೊಡೆಯಲು ಬಂದರು. ಟೆಲಿಫೋನಿನವರ ಕಂಬವನ್ನು ತಮ್ಮ ಮನೆಯ ಕೆಳಗಡೆಗೆ ನೆಡಿಸಿಕೊಂಡರು, ಅವರ ಮನೆಯಲ್ಲಿ ಫೋನೇ ಇರಲಿಲ್ಲ. ಬೆಟ್ಟಯ್ಯನ ಆಚೆ ಮನೆಯ ಚಿಕ್ಕಯ್ಯ ಕ್ಯಾಲೆಂಡರಿಗೆ ಮೊಳೆ ಹೊಡೆಯುವ ಸದ್ದು ಕೇಳಿ ಓಡಿಹೋಗಿ ಸುತ್ತಿಗೆ ಕಸಿದುಕೊಂಡರು.

"ಏನಾಗದೆ ಸ್ವಾಮಿ ನಿಮ್ಗೆ?" ಎಂದು ಚಿಕ್ಕಯ್ಯ ಬಾಯಿಬಿಟ್ಟ.

"ಗುದ್ದೋದು ಕೇಳಿದರೆ ನನಗೆ ತಲೆ ಸುತ್ತುತ್ತೆ. ಡಾಕ್ಟರು ಹೇಳಿದ್ದಾರೆ."

"ಯಾವ್ ಡಾಕ್ಟ್ರು? ನಿಮ್ ದನದ್ ಡಾಕ್ಟ್ರಾ?"

ಟೀ ಅಂಗಡಿಯಲ್ಲಿ ಎಲ್ಲರೂ ಮುತ್ತಿಕೊಂಡು ಕೇಳಿದರು. "ಆಂಕರ್ ಏನಾಯ್ತು ಸ್ವಾಮಿ? ಬೆಟ್ಟಯ್ಯನ ಗುಟ್ಟೇನು?" ಗುರುಪಾದಸ್ವಾಮಿಯವರು ಬಾಯಿ ತೆರೆದರು. ಅಂಗಡಿಯೇ ಉಸಿರು ಬಿಗಿಹಿಡಿಯಿತು. ಅವರು ಬನ್ನಿನ ತುಂಡೊಂದನ್ನು ಬಾಯಿಗೆ ತುರುಕಿಕೊಂಡು ಎದ್ದು ಹೋದರು. ಜೀವಮಾನದಲ್ಲಿ ಅವರು ಕಾಪಾಡಿದ ಮೊದಲನೆಯ ಗುಟ್ಟು ಅದು, ಕಾಪಾಡಿದ್ದು ಯಾರಿಗೂ ತಿಳಿಯುವ ಹಾಗೂ ಇರಲಿಲ್ಲ. ತಿಂಗಳೊಳಗೆ ಅವರಿಗೆ ಬುದ್ಧಿ ಕೆಟ್ಟಿದೆ ಎಂದು ಎಲ್ಲರೂ ಒಪ್ಪಿಕೊಂಡರು. ಆಸ್ಪತ್ರೆಗೆ ದನ ಹೊಡೆದುಕೊಂಡು ಬರುವವರು ಕೂಡ ಬಾಗಿಲಲ್ಲಿ ನಿಂತು, "ಇವತ್ತು ಸ್ವಾಮ್ಯೋರು ಸರಿಯಾಗವ್ರಾ?" ಎಂದು ಕೇಳಿಯೇ ಒಳಗೆ ಬರುತ್ತಿದ್ದರು.

ಐದು ತಿಂಗಳು ತುಂಬಿ, ಏಳಕ್ಕೆ ಬಳೆ ತೊಡಿಸುವ ಶಾಸ್ತ್ರ ಇಟ್ಟುಕೊಂಡಾಗ ಸುದ್ದಿ ತಾನಾಗಿ ಬಯಲಾಯಿತು. ಇನ್ನು ತಮ್ಮ ಹುಚ್ಚಿನ ಕಾರಣ ತಿಳಿದು ಜನ ತಲೆದೂಗುತ್ತಾರೆ ಎಂದು ಗುರುಪಾದಸ್ವಾಮಿಯವರು ಒಳಗೊಳಗೇ ಆಸೆಪಟ್ಟಿದ್ದರು. ಬೀದಿಯ ಲೆಕ್ಕಾಚಾರವೇ ಬೇರೆಯಾಯಿತು. ಚಪ್ಪರದ ಕೆಳಗೆ ಬೆರಳು ಮಡಿಸಿ ಎಣಿಸಿ ಹೆಂಗಸರು ಹೌಹಾರಿದರು. "ಅಯ್ಯೋ ಶಿವನೆ! ಸರ್ವೆಯವ್ರು ಬಂದಿದ್ ದಿನ ಮೂರ್ ತಿಂಗ್ಳ ಬಸ್ರಿ ಕಣಕ್ಕ ಅವ್ಳು! ಆ ಮಗೀನೆದ್ರಿಗೇ 'ಮನೆ ಬೆಳೆಯಲ್ಲ' ಅಂದ್ನಾ ಈ ಮನ್ಸ?" ಮರೆತುಹೋಗಿದ್ದ ಮಾತು ಎದ್ದು ಕೂತಿತು. ಗಂಗಾಂಬಿಕೆ ಬಳೆ ತೊಡಿಸಿ, ಮಡಿಲು ತುಂಬಿ, ಊಟಕ್ಕೆ ಕೂರದೆ ಬಂದಳು.

ಶಿವರಂಜಿನಿ ಹೆರಿಗೆಗೆ ಚಂದಕವಾಡಿಯ ತವರಿಗೆ ಹೋದಳು. ಹೆರಿಗೆಯಾಗುವವರೆಗೆ ಇಲ್ಲಿಯೂ ಅಗೆಯುವ ಹಾಗಿಲ್ಲ. ಹಿಂಗಾರು ಹಿಡಿಯಿತು. ಗೋಡೆಗೆ ನೀಲಗಿರಿ ಕಂಬ ಆನಿಸಿ, ಒಲೆಯನ್ನು ಜಗುಲಿಗೆ ತಂದರು. ಬೀದಿಯಲ್ಲಿ ಹೋಗುವವರೆಲ್ಲ ಪಾತ್ರೆಯೊಳಗೆ ಇಣುಕಿ ಅವತ್ತಿನ ಸಾರು ಯಾವುದೆಂದು ಹೇಳುತ್ತಿದ್ದರು. ಗುರುಪಾದಸ್ವಾಮಿಯವರು ಮಳೆ ಬಂದರೆ ಗೋಡೆಯ ಕಡೆ ನೋಡುತ್ತಿರಲಿಲ್ಲ. ಚಂದಕವಾಡಿಯ ಬಸ್ಸು ಬಂದರೆ ಮಾತ್ರ ಕೊಡೆಯಿಲ್ಲದೆ ಓಡುತ್ತಿದ್ದರು, ಇಳಿದವರಲ್ಲಿ ಬೆಟ್ಟಯ್ಯನ ಮಗ ಮಾದೇಶ ಇದ್ದರೆ ಮುಖ ನೋಡಿ ಸಮಾಚಾರ ಊಹಿಸಲು. "ಆ ಕೂಸಿಗೇನಾದರೂ ಆದರೆ ನಾನು ಬದುಕಿರಬಾರದು ಕಣೆ," ಎಂದು ಹೆಂಡತಿಯ ಹತ್ತಿರ ಹೇಳಿದರು.

ದೀಪಾವಳಿಗೆ ಮುಂಚೆ ಹೆರಿಗೆಯಾಯಿತು. ಹೆಣ್ಣುಮಗು, ತಾಯಿ ಮಗು ಇಬ್ಬರೂ ಕ್ಷೇಮ. ಮಾರನೆಯ ಬೆಳಿಗ್ಗೆ ಪಾಗಾರದ ಮೇಲಿಂದ ಬೆಟ್ಟಯ್ಯನ ದನಿ ಬಂತು. "ಆಳ್ಗಳ ಕರ್ಸ್ಕೊ. ಅಗೀಲಿ."

ಮಲ್ಲಿಕಾರ್ಜುನಸ್ವಾಮಿ ಗುಂಡ್ಲುಪೇಟೆಯಿಂದ ಓಡಿ ಬಂದ. ಗೋಡೆಗೆ ತೂತು ಕೊರೆದರು, ಕಂಬಿ ತೂರಿಸಿದರು. ಹಿತ್ತಲಲ್ಲಿ ಗುಂಡಿ ತೋಡಿ ತಟ್ಟೆ ಇಟ್ಟು ಮುಚ್ಚುವಾಗ ಬೆಟ್ಟಯ್ಯನೇ ಹಾರೆಯ ಬೆನ್ನಲ್ಲಿ ಮಣ್ಣು ದಮ್ಮಸ್ಸು ಮಾಡಿದ. ಅಗೆದಾಗ ಗಡಿಕಲ್ಲೂ ಸಿಕ್ಕಿತು, ನಕ್ಷೆ ಹೇಳಿದ ಜಾಗದಲ್ಲೇ, ಒಂದಂಗುಲ ಆಚೀಚೆಯಿಲ್ಲದೆ. ಬೆಟ್ಟಯ್ಯ ಯಾರ ಜಾಗವನ್ನೂ ಒತ್ತರಿಸಿರಲಿಲ್ಲ. ಸ್ಪ್ಯಾನರಿನಿಂದ ನಟ್ಟು ಬಿಗಿ ಮಾಡುತ್ತಾ ಬಂದಂತೆ ಗೋಡೆ ದಿನದಿನಕ್ಕೆ ಹೊಟ್ಟೆ ಒಳಗೆಳೆದುಕೊಂಡಿತು. ಬೆಟ್ಟಯ್ಯ ಕೆಲಸ ಮುಗಿಸಿ ಕೈ ತೊಳೆದು, ಗಂಗಾಂಬಿಕೆ ತಂದ ಕಾಫಿಯನ್ನು ಹಿತ್ತಲಲ್ಲೇ ನಿಂತು ಕುಡಿದು ಲೋಟ ಕೊಟ್ಟ. ಮೆಟ್ಟಿಲು ಇಳಿದು ಬರಲಿಲ್ಲ.

ಮಗುವನ್ನು ಮನೆ ತುಂಬಿಸಿಕೊಂಡು ತೊಟ್ಟಿಲಿಗೆ ಹಾಕುವ ದಿನ ನಮ್ಮ ಬೀದಿಯನ್ನೆಲ್ಲ ಕರೆದರು. ಗುರುಪಾದಸ್ವಾಮಿಯವರ ಮನೆಗೂ ಬಂದು ಕುಂಕುಮ ಕೊಟ್ಟು ಕರೆದರು, ಅದರಲ್ಲಿ ಕೊರತೆ ಮಾಡಲಿಲ್ಲ. ಅವರು ಹೊಸ ಪಂಚೆ ಉಟ್ಟು, ಬೆಳ್ಳಿಯ ಉಡಿದಾರವನ್ನು ಜೇಬಿನಲ್ಲಿ ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡು ಹೋದರು. ಚಪ್ಪರದಲ್ಲಿ ಎಲ್ಲರೂ ಸಾಲಾಗಿ ಹೋಗಿ ಮಗುವನ್ನು ಎತ್ತಿ, ತೂಗಿ, ಹೆಸರಿಟ್ಟು ಕರೆದು ಬರುತ್ತಿದ್ದರು. ಚಿಕ್ಕಯ್ಯ ಎತ್ತಿಕೊಂಡ. ಗಾರೆ ಚಿಕ್ಕಮಲ್ಲಪ್ಪನೂ ಕೈ ಒರೆಸಿಕೊಂಡು ಎತ್ತಿಕೊಂಡ.

ಗುರುಪಾದಸ್ವಾಮಿಯವರ ಸರದಿ ಬಂತು. ಮಗು ಸೋಮಮ್ಮನ ತೊಡೆಯ ಮೇಲಿತ್ತು. ಅವರು ಬಗ್ಗಿ ಎರಡೂ ಕೈ ಚಾಚಿದರು.

"ಕೊಡು ತಾಯಿ, ಒಂದು ಸಲ."

ಸೋಮಮ್ಮ ಸೆರಗನ್ನು ಮಗುವಿನ ಮೇಲೆ ಎಳೆದುಕೊಂಡಳು. ದನಿಯಲ್ಲಿ ಕೋಪವೇನೂ ಇರಲಿಲ್ಲ. "ಮಗು ಮಲೀಕೊಂಡದೆ ಕಣಣ್ಣ," ಎಂದಳು.

ಸೆರಗಿನ ಅಂಚಿನಿಂದ ಮಗು ಎರಡು ಕಣ್ಣನ್ನೂ ಅಗಲ ಬಿಟ್ಟು ಗುರುಪಾದಸ್ವಾಮಿಯವರನ್ನೇ ನೋಡುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಶಿವರಂಜಿನಿ ತಲೆ ತಗ್ಗಿಸಿದಳು. ಬೆಟ್ಟಯ್ಯ ಎಲೆ ಹಾಕುವವರಿಗೆ ಏನೋ ಹೇಳುವವನಂತೆ ಆ ಕಡೆ ತಿರುಗಿದ.

"ಹೌದೌದು, ಮಲಗಲಿ, ಮಲಗಲಿ," ಎಂದರು ಗುರುಪಾದಸ್ವಾಮಿಯವರು. ಉಡಿದಾರವನ್ನು ತೊಟ್ಟಿಲ ಮೂಲೆಯಲ್ಲಿಟ್ಟು, ಚಾಚಿದ್ದ ಕೈಗಳನ್ನು ಹೇಗೋ ಮುಗಿದುಕೊಂಡು ಹಿಂದಕ್ಕೆ ಸರಿದರು. ಸಾಲಿನಲ್ಲಿ ಹಿಂದೆ ನಿಂತವರು ನಗುತ್ತಾ ಮಾತಾಡುತ್ತಾ ಮುಂದೆ ನುಗ್ಗುತ್ತಿದ್ದರು. ಅವರು ಬಾಯಿಯ ಮೇಲೆ ಬೆರಳಿಟ್ಟು, ಒಬ್ಬೊಬ್ಬರಿಗೂ ಮೆಲ್ಲಗೆ ಹೇಳುತ್ತಾ ಬಾಗಿಲ ಕಡೆಗೆ ನಡೆದರು.

"ಸದ್ದು ಮಾಡಬೇಡಿ. ಮಗು ಮಲಗಿದೆ."